ಬಿಲ್ ಪುಸ್ತಕದ ಹಿಂಬದಿ: ಉದ್ಧವ್ ಠಾಕ್ರೆ ಮೆತ್ತಗಾಗುತ್ತಾರಾ ಅಂತ ಮಾಟುಂಗದಲ್ಲಿ ನಾವು ಕಟ್ಟಿದ ಲೆಕ್ಕ

2019ರ ಡಿಸೆಂಬರ್ 1, ಭಾನುವಾರ ರಾತ್ರಿ. ಮುಂಬೈನ ಮಾಟುಂಗದಲ್ಲಿರುವ ನನ್ನ ಸೋದರಮಾವನ ಹೋಟೆಲಿನಿಂದ ಕೊನೆಯ ಗಿರಾಕಿ ಎದ್ದು ಹೋಗಿದ್ದ. ಹುಡುಗರು ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ಹಾಕಿ ನೆಲ ಒರೆಸುತ್ತಿದ್ದರು. ಶಟರ್ ಅರ್ಧ ಎಳೆದಿತ್ತು. ಗಲ್ಲಾದ ಪಕ್ಕದ ಮೇಜಿಗೆ ನಾವು ಐದು ಜನ ಕೂತಿದ್ದೆವು. ಮಾವ, ವಕೀಲಿ ಮಾಡುವ ಮಾವನ ಮಗಳು, ಬ್ಯಾಂಕಿನಿಂದ ನಿವೃತ್ತರಾಗಿ ಡೊಂಬಿವಲಿಯಲ್ಲಿರುವ ಒಬ್ಬ ಹಿರಿಯರು, ಕನ್ನಡ ರಾತ್ರಿಶಾಲೆಯಲ್ಲಿ ವರ್ಷಾನುಗಟ್ಟಲೆ ಹೋಟೆಲ್ ಹುಡುಗರಿಗೆ ಪಾಠ ಹೇಳಿದ್ದ ಧಾರವಾಡ ಕಡೆಯ ಮೇಷ್ಟ್ರು, ಮತ್ತೆ ನಾನು.

ಮೂರು ದಿನದ ಹಿಂದೆ, ನವೆಂಬರ್ 28ರ ಸಂಜೆ, ಉದ್ಧವ್ ಠಾಕ್ರೆ ಶಿವಾಜಿ ಪಾರ್ಕಿನಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದರು. 30ರಂದು ವಿಧಾನಸಭೆಯಲ್ಲಿ 169 ಮತ ಪಡೆದು ಬಹುಮತ ತೋರಿಸಿದ್ದರು. ಮುಂಬೈ ಕನ್ನಡಿಗರು ಆ ವಾರವಿಡೀ ಒಂದೇ ಮಾತು ಆಡುತ್ತಿದ್ದರು. ಇವರು ಎಲ್ಲರನ್ನೂ ಜೊತೆಗಿಟ್ಟುಕೊಂಡು ಸಮಾಧಾನವಾಗಿ ನಡೆಸುತ್ತಾರಾ, ಇಲ್ಲಾ ತಮ್ಮ ಪಕ್ಷ ಶಿವಸೇನೆ ಹುಟ್ಟಿದ ದಿನದ ಸಿದ್ಧಾಂತವನ್ನೇ ಹಿಡಿಯುತ್ತಾರಾ?

ಮಾತು ಬಿಸಿಯಾಯಿತು. ನಾನು ಗಲ್ಲಾದ ಮೇಲಿದ್ದ ಬಿಲ್ ಪುಸ್ತಕ ಎಳೆದುಕೊಂಡು, ಹಾಳೆಗಳ ಹಿಂಬದಿಯಲ್ಲಿ ಒಬ್ಬೊಬ್ಬರ ಮಾತನ್ನೂ ಬರೆದೆ. ಕೆಳಗೆ ಅವರವರ ಸಹಿ ಹಾಕಿಸಿದೆ. ಆ ಐದು ಹಾಳೆ ಇನ್ನೂ ನನ್ನ ಹತ್ತಿರ ಇವೆ. ಒಂದರ ಮೂಲೆಯಲ್ಲಿ ಎಣ್ಣೆ ಕಲೆ, ಇನ್ನೊಂದರ ಬೆನ್ನಿಗೆ "ಎರಡು ಇಡ್ಲಿ, ಒಂದು ಕಾಫಿ" ಅಂತ ಅಚ್ಚು ಮೂಡಿದೆ. ಈ ಬರಹ ಆ ಹಾಳೆಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಹೊಸ ನಾಯಕನೊಬ್ಬ ಗದ್ದುಗೆ ಏರಿದಾಗ ಜನ ಅವನನ್ನು ಹೇಗೆ ಓದುತ್ತಾರೆ, ಆ ಓದು ಎಲ್ಲಿ ತಪ್ಪುತ್ತದೆ ಅನ್ನುವುದಕ್ಕೆ ಇಷ್ಟು ಹತ್ತಿರದ ಪುರಾವೆ ನನಗೆ ಬೇರೆ ಸಿಕ್ಕಿಲ್ಲ.

ನಮಗೆ ಅಷ್ಟು ಆತಂಕ ಯಾಕಿತ್ತು

ಬೆಂಗಳೂರಲ್ಲಿ ಕೂತು ಓದುವವರಿಗೆ ಇದು ಮಹಾರಾಷ್ಟ್ರದ ಮನೆ ಜಗಳ ಅನ್ನಿಸಬಹುದು. ಮಾಟುಂಗದಲ್ಲಿ ಹಾಗಲ್ಲ. ಶಿವಸೇನೆ ಹುಟ್ಟಿದ್ದು 1966ರ ಜೂನ್ 19ರಂದು. ಅದಕ್ಕೂ ಮೊದಲೇ ಉದ್ಧವ್ ಅವರ ಅಪ್ಪ ಬಾಳ ಠಾಕ್ರೆ ತಮ್ಮ ವಾರಪತ್ರಿಕೆಯಲ್ಲಿ, ಮುಂಬೈ ಕಂಪನಿಗಳ ದೊಡ್ಡ ಕುರ್ಚಿಗಳಲ್ಲಿ ಕೂತ ದಕ್ಷಿಣದವರ ಹೆಸರುಗಳ ಪಟ್ಟಿ ಹಾಕುತ್ತಿದ್ದರು. ಆಗ ಪಕ್ಷದ ಸಿಟ್ಟೆಲ್ಲ "ಮದರಾಸಿ"ಗಳ ಮೇಲೆ. ತಮಿಳರು, ಮಲಯಾಳಿಗಳು, ತುಳುವರು, ಕನ್ನಡಿಗರು ಎಲ್ಲರೂ ಅದೇ ಒಂದು ಪದದೊಳಗೆ. ಲುಂಗಿ ಉಟ್ಟವರನ್ನು ಓಡಿಸಿ ಅನ್ನೋ ಘೋಷಣೆ ಕೂಗಿದ ಕಾಲ ಅದು. ಉಡುಪಿ ಹೋಟೆಲುಗಳು ಕಣ್ಣಿಗೆ ಬೀಳುವ ಜಾಗದಲ್ಲೇ ಇದ್ದವು.

ಆಮೇಲೆ ಬೆಳಗಾವಿ ಯಾವ ರಾಜ್ಯಕ್ಕೆ ಸೇರಬೇಕು ಅನ್ನುವ ಗಡಿ ಜಗಳ. ಮೆಹರ್ ಚಂದ್ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟು, ಬೆಳಗಾವಿ ಕರ್ನಾಟಕದಲ್ಲೇ ಇರಲಿ ಅಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 1969ರ ಫೆಬ್ರವರಿಯಲ್ಲಿ ಇದೇ ವಿಷಯಕ್ಕೆ ಮುಂಬೈ ಕೆಲವು ದಿನ ಹೊತ್ತಿ ಉರಿಯಿತು. ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರನ್ನು ಮಾಹಿಮ್‌ನಲ್ಲಿ ತಡೆಯಲು ಹೋದದ್ದೇ ಕಿಡಿಯಾಯಿತು. ಬಾಳ ಠಾಕ್ರೆ ಜೈಲಿಗೆ ಹೋದರು.

ಆ ವಾರ ನನ್ನ ಅಜ್ಜ ಹೋಟೆಲಿನ ಬೋರ್ಡು ಇಳಿಸಿದರು. ಇಳಿಸು ಅಂತ ಯಾರೂ ಬಂದು ಹೇಳಿರಲಿಲ್ಲ. ಬೋರ್ಡಿನ ಕೆಳಸಾಲಿನಲ್ಲಿ ಕನ್ನಡ ಅಕ್ಷರ ಇತ್ತು, ಅಷ್ಟೇ. ಏಣಿ ಹತ್ತಿ ತಾವೇ ಮೊಳೆ ಕಿತ್ತು, ಒಳಗೆ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಹಿಂದೆ ನಿಲ್ಲಿಸಿದರು. ಆಗ ಮಾವನಿಗೆ ಒಂಬತ್ತು ವರ್ಷ. ಬೋರ್ಡು ಮತ್ತೆ ಮೇಲೇರಿದ್ದು ಬಹಳ ತಿಂಗಳಾದ ಮೇಲೆ. ಸಂತೋಷದ ದಿನಗಳಲ್ಲೂ ಮಾವ ಆ ಕಥೆ ಹೇಳುವಾಗ ದನಿ ತಗ್ಗಿಸುತ್ತಾನೆ. ಆದ್ದರಿಂದ ಠಾಕ್ರೆ ಮನೆಯವರೇ ಒಬ್ಬರು ಮೊದಲ ಸಲ ಮುಖ್ಯಮಂತ್ರಿ ಆದಾಗ ನಮ್ಮ ಮೇಜಿನಲ್ಲಿ ಸುಮ್ನೆ ಹರಟೆ ನಡೆಯುತ್ತಿರಲಿಲ್ಲ.

ಆದರೆ ಆ ಸರ್ಕಾರ ಹುಟ್ಟಿದ ರೀತಿಯೇ ಬೇರೆ. ಅಕ್ಟೋಬರ್ 24ರ ಫಲಿತಾಂಶದಲ್ಲಿ 288 ಸ್ಥಾನಗಳ ಪೈಕಿ ಬಿಜೆಪಿಗೆ 105, ಶಿವಸೇನೆಗೆ 56, ಶರದ್ ಪವಾರ್ ಅವರ ಎನ್‌ಸಿಪಿಗೆ 54, ಕಾಂಗ್ರೆಸ್ಸಿಗೆ 44 ಬಂದವು. ಸೇನೆ ಮತ ಕೇಳಿದ್ದು ಬಿಜೆಪಿ ಜೊತೆಗೂಡಿ. ಮುಖ್ಯಮಂತ್ರಿ ಸ್ಥಾನದ ಹಂಚಿಕೆಗೆ ಜಗಳ ಬಿದ್ದು ಹೊರಬಂತು. ನವೆಂಬರ್ 12ಕ್ಕೆ ರಾಷ್ಟ್ರಪತಿ ಆಳ್ವಿಕೆ. 23ರ ಬೆಳಬೆಳಗ್ಗೆ ಬಿಜೆಪಿಯ ದೇವೇಂದ್ರ ಫಡಣವೀಸ್ ಮತ್ತು ಎನ್‌ಸಿಪಿಯ ಅಜಿತ್ ಪವಾರ್ ಪ್ರಮಾಣವಚನ, 26ಕ್ಕೆ ರಾಜೀನಾಮೆ. ಕೊನೆಗೆ ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್ ಸೇರಿ ಸರ್ಕಾರ ಮಾಡಿದವು. ವರ್ಷಗಟ್ಟಲೆ ಒಬ್ಬರನ್ನೊಬ್ಬರು ಬೈದುಕೊಂಡವರು ಒಂದೇ ವೇದಿಕೆಯಲ್ಲಿ ನಿಂತರು. ಉದ್ಧವ್ ಸ್ವತಃ ಯಾವ ಸದನದ ಸದಸ್ಯರೂ ಆಗಿರಲಿಲ್ಲ, ಚುನಾವಣೆಗೇ ನಿಂತಿರಲಿಲ್ಲ.

ಆ ರಾತ್ರಿ ಯಾರು ಏನಂದರು

ಬ್ಯಾಂಕಿನವರ ಹಾಳೆಯಲ್ಲಿ ಎರಡೇ ಸಾಲು: "ಹುಲಿ ಹುಲ್ಲು ತಿನ್ನಲ್ಲ. ಆರು ತಿಂಗಳಲ್ಲಿ ಹಳೇ ಸೇನೆ ಕಾಣಿಸುತ್ತೆ." ಅವರ ಹತ್ತಿರ ಪುರಾವೆ ಇತ್ತು. ಅದೇ ದಿನ ವಿಧಾನಸಭೆಯಲ್ಲಿ ಉದ್ಧವ್, ನಾನು ಇವತ್ತೂ ಹಿಂದುತ್ವದ ಜೊತೆಗೇ ಇದ್ದೇನೆ, ಅದನ್ನು ಬಿಡುವುದಿಲ್ಲ ಅಂದಿದ್ದರು. ಅದೇ ದಿನ ರಾಜ್ಯಪಾಲರ ಭಾಷಣದಲ್ಲಿ, ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಶೇಕಡಾ 80 ಮೀಸಲು ಇಡುವ ಕಾನೂನು ತರುತ್ತೇವೆ ಅನ್ನುವ ಮಾತೂ ಬಂದಿತ್ತು. "ಇದು ನಮ್ಮ ಹುಡುಗರ ಹೊಟ್ಟೆ ಮೇಲೆ ಬರುತ್ತೆ, ನೋಡ್ತಿರಿ" ಅಂದರು. ನೆಲ ಒರೆಸುತ್ತಿದ್ದ ಕುಂದಾಪುರದ ಹುಡುಗ ಒಂದು ಕ್ಷಣ ಕೈ ನಿಲ್ಲಿಸಿ ಇತ್ತ ನೋಡಿದ.

ಮಾವನದು ಪೂರ್ತಿ ಉಲ್ಟಾ. "ಗಲ್ಲಾದಲ್ಲಿ ಕೂತವನು ಗಿರಾಕಿ ಜೊತೆ ಜಗಳ ಆಡಲ್ಲ. ಕುರ್ಚಿಯೇ ಮೆತ್ತಗೆ ಮಾಡುತ್ತೆ." ಉದ್ಧವ್ ಜೆ.ಜೆ. ಕಲಾಶಾಲೆಯಲ್ಲಿ ಓದಿದವರು, ಆಕಾಶದಿಂದ ಕೋಟೆಗಳ ಫೋಟೊ ತೆಗೆದವರು, ಅಪ್ಪನ ಹಾಗೆ ಗುಡುಗುವವರಲ್ಲ. ಮಗ ಆದಿತ್ಯ ವರ್ಲಿಯಲ್ಲಿ ಪಂಚೆ ಉಟ್ಟು ದಕ್ಷಿಣದವರ ಮತ ಕೇಳಿದ್ದನ್ನು ನಾವೆಲ್ಲ ಫೋಟೊದಲ್ಲಿ ನೋಡಿದ್ದೆವು. ಗುಜರಾತಿಯಲ್ಲಿ ಬೋರ್ಡು ಹಾಕಿಸಿ ವರ್ಲಿಯವರನ್ನು ಹೇಗಿದ್ದೀರಿ ಅಂತ ಕೇಳಿದ್ದರು. ಇಷ್ಟು ಬದಲಾದವರು ಹಿಂದಕ್ಕೆ ಹೋಗ್ತಾರಾ ಅನ್ನೋದು ಮಾವನ ವಾದ. ನಾನೂ ಅದೇ ಕಡೆ. ನನ್ನ ಹಾಳೆಯಲ್ಲಿ ಹೀಗಿದೆ: "ಗಡಿ ವಿಷಯ ಇನ್ನು ತಣ್ಣಗಾಗುತ್ತೆ. ಕಾಂಗ್ರೆಸ್ ಜೊತೆಗಿದೆ." ಈ ಎರಡು ವಾಕ್ಯವನ್ನು ನಾನು ಆಮೇಲೆ ಎಷ್ಟು ಸಲ ಓದಿದ್ದೇನೋ.

ಮಾವನ ಮಗಳು ಮೊಬೈಲಿನಲ್ಲಿ ಮೂರು ಪಕ್ಷಗಳ ಕನಿಷ್ಠ ಸಾಮಾನ್ಯ ಕಾರ್ಯಕ್ರಮ ತೆಗೆದು ಓದಿದಳು. ಸಂವಿಧಾನದ ಸೆಕ್ಯುಲರ್ ಮೌಲ್ಯಗಳನ್ನು ಎತ್ತಿ ಹಿಡಿಯುತ್ತೇವೆ ಅಂತಲೇ ಅದು ಶುರುವಾಗುತ್ತದೆ. ರೈತರ ಸಾಲ ಮನ್ನಾ, 10 ರೂಪಾಯಿಗೆ ಊಟ, ಅದೇ ಶೇಕಡಾ 80ರ ಕಾನೂನು. "ಬರೆದು ಸಹಿ ಹಾಕಿದ್ದಾರೆ. ಇದರಾಚೆ ಹೋದರೆ ಸರ್ಕಾರ ಬೀಳುತ್ತೆ. ಹಾಗಾಗಿ ಇಷ್ಟೇ ನಡೆಯೋದು" ಅಂದಳು. ವಕೀಲರಿಗೆ ಕಾಗದದ ಮೇಲೆ ನಂಬಿಕೆ ಜಾಸ್ತಿ.

ಮೇಷ್ಟ್ರು ಅಲ್ಲಿವರೆಗೂ ಕಾಫಿ ಲೋಟ ತಿರುಗಿಸುತ್ತಾ ಕೂತಿದ್ದರು. "ನೀವೆಲ್ಲ ಪ್ರಶ್ನೆನ ತಪ್ಪ ಕೇಳಾಕತ್ತೀರಿ" ಅಂದರು. "ಮೆತ್ತಗ ಅದಾರೋ, ಬಿರುಸ ಅದಾರೋ ಅಂತಲ್ಲ. ಯಾವ ವಿಷಯದಾಗ ಅಂತ ಕೇಳ್ರಿ. ಇದು ಮೂರ ಕಲ್ಲಿನ ಒಲಿ. ಮೂರೂ ಕಲ್ಲು ಬ್ಯಾರೆ ಬ್ಯಾರೆ ಕಡೆ ಮುಖ ಮಾಡಿದ್ರ ಪಾತ್ರೆ ನೆಟ್ಟಗ ಕೂಡತದ. ಮೂರೂ ಒಂದ ಕಡೆ ವಾಲಿದ್ವು ಅಂದ್ರ ಪಾತ್ರೇನೂ ಅತ್ಲಾಗ ವಾಲತದ."

ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಆ ಹೊತ್ತಿಗೆ ಗಾದೆ ಮಾತಿನ ಹಾಗೆ ಕೇಳಿಸಿತು. ತೂಕ ಗೊತ್ತಾಗಲಿಲ್ಲ.

ಕಲ್ಲುಗಳು ಬೇರೆ ಬೇರೆ ಕಡೆ ನೋಡಿದ ಕಡೆ

ಎಂಟೇ ದಿನಕ್ಕೆ ಮೊದಲ ಪರೀಕ್ಷೆ ಬಂತು. ಪೌರತ್ವ ತಿದ್ದುಪಡಿ ಮಸೂದೆ. ಡಿಸೆಂಬರ್ 9ರಂದು ಲೋಕಸಭೆಯಲ್ಲಿ ಶಿವಸೇನೆ ಮಸೂದೆಯ ಪರ ಮತ ಹಾಕಿತು. ಕಾಂಗ್ರೆಸ್ಸಿಗೆ ಸಿಟ್ಟು ಬಂತು. 11ರಂದು ರಾಜ್ಯಸಭೆಯಲ್ಲಿ ಅದೇ ಶಿವಸೇನೆ ಮತದಾನಕ್ಕೆ ಮೊದಲು ಹೊರನಡೆಯಿತು. ಎರಡೇ ದಿನದ ಅಂತರ. ಉದ್ಧವ್ ಅವರ ಇಡೀ ಎರಡೂವರೆ ವರ್ಷದ ಆಡಳಿತವನ್ನು ಒಂದೇ ಘಟನೆಯಲ್ಲಿ ತೋರಿಸು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಅವರು ಮನಸ್ಸು ಬದಲಾಯಿಸಲಿಲ್ಲ. ಪರವೂ ಹಾಕದೆ, ವಿರೋಧವೂ ಹಾಕದೆ, ಬಾಗಿಲ ಹತ್ತಿರ ಬಂದು ನಿಂತರು.

ಆಮೇಲೂ ಹಾಗೇ ಆಯಿತು. ಕೇರಳ, ಪಂಜಾಬ್, ರಾಜಸ್ಥಾನ, ಪಶ್ಚಿಮ ಬಂಗಾಳದ ವಿಧಾನಸಭೆಗಳು ಆ ಕಾನೂನಿನ ವಿರುದ್ಧ ನಿರ್ಣಯ ಮಾಡಿದವು, ಮಹಾರಾಷ್ಟ್ರ ಮಾಡಲಿಲ್ಲ. 2020ರ ಫೆಬ್ರವರಿಯಲ್ಲಿ ದೆಹಲಿಗೆ ಹೋಗಿ ಪ್ರಧಾನಿಯನ್ನು ಕಂಡು ಬಂದ ಉದ್ಧವ್, ಆ ಪೌರತ್ವ ಕಾನೂನಿಗೆ ಯಾರೂ ಹೆದರಬೇಕಿಲ್ಲ ಅಂದರು. ಭೀಮಾ ಕೋರೆಗಾಂವ್ ಗಲಭೆಗೆ ತಳುಕು ಹಾಕಿದ್ದ ಎಲ್ಗಾರ್ ಪರಿಷತ್ ಪ್ರಕರಣವನ್ನು ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎಗೆ ಕೊಡಲು ಒಪ್ಪಿದ್ದಕ್ಕೆ ಶರದ್ ಪವಾರ್ ಬಹಿರಂಗವಾಗಿಯೇ ಬೇಸರ ತೋರಿಸಿದರು. ಮುಸ್ಲಿಮರಿಗೆ ಶಿಕ್ಷಣದಲ್ಲಿ ಶೇಕಡಾ 5 ಮೀಸಲಾತಿ ಕೊಡುತ್ತೇವೆ ಅಂತ ಎನ್‌ಸಿಪಿ ಸಚಿವರೊಬ್ಬರು ಹೇಳಿದರೆ, ಅಂಥ ಪ್ರಸ್ತಾಪ ನನ್ನ ಮುಂದೆ ಬಂದಿಲ್ಲ ಅಂದರು ಉದ್ಧವ್. ನೂರು ದಿನ ತುಂಬಿದಾಗ, ಮಾರ್ಚ್ 7ಕ್ಕೆ, ಅಯೋಧ್ಯೆಗೆ ಹೋಗಿ ರಾಮಮಂದಿರಕ್ಕೆ 1 ಕೋಟಿ ರೂಪಾಯಿ ಕೊಡುವುದಾಗಿ ಹೇಳಿದರು. ಬಿಜೆಪಿಯಿಂದ ದೂರವಾಗಿದ್ದೇನೆ, ಹಿಂದುತ್ವದಿಂದಲ್ಲ ಅನ್ನುವುದು ಅಲ್ಲಿ ಅವರು ಆಡಿದ ಮಾತಿನ ಸಾರ.

ಇದನ್ನು ಏನಂತ ಕರೆಯೋಣ? ಬ್ಯಾಂಕಿನವರು ಅಯೋಧ್ಯೆ ತೋರಿಸಿ ನಾನು ಗೆದ್ದೆ ಅಂದರು. ಮಾವ ರಾಜ್ಯಸಭೆ ತೋರಿಸಿ ನಾನು ಗೆದ್ದೆ ಅಂದ. ನನ್ನ ಮಟ್ಟಿಗೆ ಇಬ್ಬರದೂ ಅರ್ಧ ಸರಿ. ಮಾತಿನಲ್ಲಿ ಸಿದ್ಧಾಂತ ಉಳಿಯಿತು. ಕಾನೂನು, ಆದೇಶದ ಹಂತಕ್ಕೆ ಬಂದಾಗ ಒಂದು ಕಲ್ಲು ಅಲುಗಾಡುತ್ತದೆ ಅಂತ ಗೊತ್ತಾಗಿ ಪಾತ್ರೆ ನಡುವೆಯೇ ನಿಂತಿತು.

ಕೋವಿಡ್ ಬಂದ ಮೇಲೆ ಈ ಚರ್ಚೆ ಕೆಲವು ತಿಂಗಳು ನಿಂತೇ ಹೋಯಿತು. 2020ರ ಏಪ್ರಿಲ್ 14ರಂದು ಊರಿಗೆ ಹೋಗಲು ವಲಸೆ ಕಾರ್ಮಿಕರು ಬಾಂದ್ರಾ ಸ್ಟೇಷನ್ ಹತ್ತಿರ ಸಾವಿರಗಟ್ಟಲೆ ಸೇರಿದ ದಿನ, ಉದ್ಧವ್ ಟಿವಿಯಲ್ಲಿ ಬಂದು ಹಿಂದಿಯಲ್ಲೇ ಅವರಿಗೆ ಸಮಾಧಾನ ಹೇಳಿದರು. ಲಾಕ್‌ಡೌನ್ ಅಂದರೆ ಲಾಕಪ್ ಅಲ್ಲ, ನೀವು ಇಲ್ಲಿ ಸುರಕ್ಷಿತ ಅಂದರು. ಭೂಮಿಪುತ್ರರ ಪಕ್ಷದ ನಾಯಕ ಹೊರಗಿನವರನ್ನು ಉದ್ದೇಶಿಸಿ ಅವರ ಮಾತಿನಲ್ಲಿ ಹೀಗೆ ಮಾತಾಡಿದ್ದನ್ನು ಮಾವ, ಹೋಟೆಲಿನ ಅಟ್ಟದ ಮೇಲೆ ಸಿಕ್ಕಿಹಾಕಿಕೊಂಡಿದ್ದ ನಮ್ಮ ಹನ್ನೊಂದು ಹುಡುಗರು, ಎಲ್ಲರೂ ಒಟ್ಟಿಗೆ ಕೂತು ನೋಡಿದರಂತೆ. ಕುಂದಾಪುರದ ಹುಡುಗ ಅವತ್ತು ರಾತ್ರಿ ಮೊದಲ ಸಲ ಸರಿಯಾಗಿ ಊಟ ಮಾಡಿದ ಅಂತ ಮಾವ ಫೋನಿನಲ್ಲಿ ಹೇಳಿದ. ಜನವರಿ 26ಕ್ಕೆ ಶುರುವಾಗಿದ್ದ ಶಿವಭೋಜನದ 10 ರೂಪಾಯಿ ಥಾಲಿಯ ಬೆಲೆಯೂ ಆ ದಿನಗಳಲ್ಲಿ 5 ರೂಪಾಯಿಗೆ ಇಳಿದಿತ್ತು. ಇದು ನನಗೆ ಇವತ್ತಿಗೂ ದೊಡ್ಡ ವಿಷಯ. ಕಷ್ಟದ ಹೊತ್ತಿನಲ್ಲಿ ಆಳುವವರ ದನಿ ಹೇಗಿತ್ತು ಅನ್ನೋದನ್ನು ಯಾವ ಸಿದ್ಧಾಂತದ ಪುಸ್ತಕವೂ ಮೊದಲೇ ಹೇಳುವುದಿಲ್ಲ.

ಬ್ಯಾಂಕಿನವರು ಹೆದರಿಸಿದ್ದ ಶೇಕಡಾ 80ರ ಕಾನೂನು ಏನಾಯಿತು? ಬರಲೇ ಇಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿತ್ತು, ರಾಜ್ಯಪಾಲರ ಭಾಷಣದಲ್ಲಿತ್ತು, ಕಾನೂನಿನ ಪುಸ್ತಕ ಸೇರಲಿಲ್ಲ. ಮಾವನ ಮಗಳ ಕಾಗದದ ಲೆಕ್ಕ ಇಲ್ಲಿ ಸೋತಿತು. ಬರೆದದ್ದೆಲ್ಲ ನಡೆಯುವುದಿಲ್ಲ.

ಮೂರೂ ಒಂದೇ ಕಡೆ ವಾಲಿದ ಕಡೆ

ಈಗ ನನ್ನ ಹಾಳೆಗೆ ಬರುತ್ತೇನೆ. ಗಡಿ ತಣ್ಣಗಾಗುತ್ತೆ ಅಂತ ನಾನು ಬರೆದಿದ್ದೆ. ಆ ಡಿಸೆಂಬರಿನಲ್ಲೇ ಉದ್ಧವ್ ಗಡಿ ಪ್ರಕರಣ ನೋಡಿಕೊಳ್ಳಲು ಇಬ್ಬರು ಸಮನ್ವಯ ಸಚಿವರನ್ನು ನೇಮಿಸಿದರು. ಒಬ್ಬರು ಏಕನಾಥ್ ಶಿಂಧೆ, ಶಿವಸೇನೆ. ಇನ್ನೊಬ್ಬರು ಛಗನ್ ಭುಜಬಲ್, ಎನ್‌ಸಿಪಿ. ಭುಜಬಲ್ ಎನ್‌ಸಿಪಿಯವರು, ಹಾಗಾಗಿ ಸ್ವಲ್ಪ ನಿಧಾನ ಇರಬಹುದು ಅಂದುಕೊಂಡೆ. ಮೇಷ್ಟ್ರು ತಲೆ ಅಲ್ಲಾಡಿಸಿದರು. 1986ರಲ್ಲಿ, ಇನ್ನೂ ಶಿವಸೇನೆಯಲ್ಲಿದ್ದಾಗ, ವೇಷ ಮರೆಸಿಕೊಂಡು ಬೆಳಗಾವಿಗೆ ನುಗ್ಗಿ ಚಳವಳಿ ಮಾಡಿದವರು ಇದೇ ಭುಜಬಲ್. ಆ ವರ್ಷದ ಬೆಳಗಾವಿ ಚಳವಳಿಗೆ ಶರದ್ ಪವಾರ್ ಕೂಡ ಬಂದಿದ್ದರು. 2004ರಲ್ಲಿ ಮಹಾರಾಷ್ಟ್ರ ಗಡಿ ದಾವೆಯನ್ನು ಸುಪ್ರೀಂ ಕೋರ್ಟಿಗೆ ಹಾಕಿದಾಗ ಮುಂಬೈಯಲ್ಲಿ ಇದ್ದದ್ದು ಕಾಂಗ್ರೆಸ್–ಎನ್‌ಸಿಪಿ ಸರ್ಕಾರ. ಅಂದರೆ ಈ ಒಂದು ವಿಷಯದಲ್ಲಿ ಉದ್ಧವ್ ಅವರನ್ನು ಹಿಂದಕ್ಕೆ ಎಳೆಯುವವರು ಅವರ ಮಂತ್ರಿಮಂಡಲದಲ್ಲಿ ಒಬ್ಬರೂ ಇರಲಿಲ್ಲ.

ನಾನು ಕಾಂಗ್ರೆಸ್ ಅಂದಾಗ ದೆಹಲಿಯ ಕಾಂಗ್ರೆಸ್ಸನ್ನೋ, ಕರ್ನಾಟಕದ ಕಾಂಗ್ರೆಸ್ಸನ್ನೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಸೊಲ್ಲಾಪುರದ, ಕೊಲ್ಹಾಪುರದ ಕಾಂಗ್ರೆಸ್ಸಿಗೆ ಬೇರೆ ಮತದಾರರಿದ್ದಾರೆ ಅನ್ನೋದು ತಲೆಗೇ ಬಂದಿರಲಿಲ್ಲ. ಹೆಸರು ಒಂದೇ ಅಂತ ಪಕ್ಷವೂ ಒಂದೇ ಅಂದುಕೊಂಡೆ. ನನ್ನ ತಪ್ಪು ಅಲ್ಲೇ ಇತ್ತು.

ವರ್ಷ ಮುಗಿಯುವಷ್ಟರಲ್ಲಿ ಕೊಲ್ಹಾಪುರ, ಬೆಳಗಾವಿ ಎರಡೂ ಕಡೆ ಪ್ರತಿಕೃತಿ ಸುಟ್ಟರು. ನಡುವಿನ ಬಸ್ ಸಂಚಾರ ಸ್ವಲ್ಪ ಹೊತ್ತು ನಿಂತಿತು. 2021ರ ಜನವರಿ 17ರಂದು, ಗಡಿ ಹೋರಾಟದಲ್ಲಿ ಸತ್ತವರ ನೆನಪಿನ ದಿನ, ಮುಖ್ಯಮಂತ್ರಿ ಕಚೇರಿಯ ಟ್ವೀಟಿನಲ್ಲಿ "ಕರ್ನಾಟಕ ವ್ಯಾಪ್ತ" ಪ್ರದೇಶ, ಅಂದರೆ ಕರ್ನಾಟಕ ಆಕ್ರಮಿಸಿಕೊಂಡ ಪ್ರದೇಶ, ಅನ್ನುವ ಮಾತು ಬಂತು. ಹತ್ತು ದಿನ ಕಳೆದು 27ರಂದು ಗಡಿ ಕುರಿತ ಪುಸ್ತಕವೊಂದರ ಬಿಡುಗಡೆಯಲ್ಲಿ, ಕೋರ್ಟ್ ತೀರ್ಪು ಬರುವವರೆಗೆ ಆ ಪ್ರದೇಶವನ್ನು ಕೇಂದ್ರಾಡಳಿತಕ್ಕೆ ಕೊಡಿ ಅಂದರು ಉದ್ಧವ್. ವೇದಿಕೆ ಮೇಲೆ ಶರದ್ ಪವಾರ್ ಇದ್ದರು. ಕರ್ನಾಟಕದ ಉಪಮುಖ್ಯಮಂತ್ರಿ ಲಕ್ಷ್ಮಣ ಸವದಿ, ಹಾಗಾದರೆ ಮುಂಬೈ ನಮಗೆ ಸೇರಬೇಕು, ಅಲ್ಲಿವರೆಗೆ ಅದನ್ನು ಕೇಂದ್ರಾಡಳಿತ ಮಾಡಿ ಅಂತ ತಿರುಗಿಸಿ ಹೇಳಿದರು. ಇಬ್ಬರ ಮಾತಿನ ನಡುವೆ ಮುಂಬೈ ಕನ್ನಡಿಗ ಎಲ್ಲಿ ನಿಲ್ಲಬೇಕು? ಆ ವಾರ ಮಾವ ಗಲ್ಲಾದಲ್ಲಿ ಕೂತು ಟಿವಿಯ ದನಿ ಕಮ್ಮಿ ಮಾಡಿದ. ಗಿರಾಕಿಗಳಲ್ಲಿ ಯಾರೂ ಏನೂ ಅನ್ನಲಿಲ್ಲ. ನಮ್ಮ ಮರಾಠಿ ಗಿರಾಕಿಗಳಿಗೆ ದೋಸೆ ಬೇಕಿತ್ತು, ಗಡಿ ಬೇಕಿರಲಿಲ್ಲ. ಈ ಮಾತನ್ನು ಮನಸಾರೆ ಹೇಳುತ್ತೇನೆ: ಆ ಎರಡೂವರೆ ವರ್ಷದಲ್ಲಿ ಗಡಿಯ ಬಿಸಿ ನಮ್ಮ ಹೋಟೆಲಿನ ಹೊಸ್ತಿಲು ದಾಟಲಿಲ್ಲ. ನಮ್ಮೊಳಗೆ ಮಾತ್ರ ದಾಟಿತು.

ಭಾಷೆಯಲ್ಲೂ ಇದೇ ಆಯಿತು. 2020ರ ಫೆಬ್ರವರಿ ಕೊನೆಯಲ್ಲಿ, ಎಲ್ಲ ಬೋರ್ಡುಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ ಮಾಡುವ ಕಾನೂನು ವಿಧಾನಮಂಡಲದಲ್ಲಿ ಸರ್ವಾನುಮತದಿಂದ ಪಾಸಾಯಿತು. 1 ಮತ್ತು 6ನೇ ತರಗತಿಯಿಂದ ಶುರುಮಾಡಿ ಹಂತ ಹಂತವಾಗಿ, ಪಾಲಿಸದ ಶಾಲೆಗೆ 1 ಲಕ್ಷದವರೆಗೆ ದಂಡ. ಸರ್ವಾನುಮತ ಅನ್ನುವ ಪದ ಗಮನಿಸಿ. ಬಿಜೆಪಿಯೂ ಸೇರಿ. ಅಲ್ಲಿ ಮೂರಲ್ಲ, ನಾಲ್ಕು ಕಲ್ಲೂ ಒಂದೇ ಕಡೆ. ಈ ಕಾನೂನಿನ ಬಗ್ಗೆ ನನಗೆ ದೂರಿಲ್ಲ. ಮುಂಬೈಯಲ್ಲಿ ಬದುಕುವವರ ಮಕ್ಕಳು ಮರಾಠಿ ಕಲಿಯಲೇಬೇಕು, ಕರ್ನಾಟಕದಲ್ಲಿ ಕನ್ನಡ ಕಲಿಯಿರಿ ಅಂತ ಕೇಳುವ ನಾವು ಇಲ್ಲಿ ಬೇರೆ ಮಾತಾಡೋದು ಸರಿಯಲ್ಲ. ಮೇಷ್ಟ್ರ ಹುಡುಗರು ಎಷ್ಟೋ ವರ್ಷದಿಂದ ಹಗಲು ಹೋಟೆಲಿನಲ್ಲಿ ಮರಾಠಿ, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರೇ. ನನಗೆ ನೋವಾದದ್ದು ಬೇರೆ ಕಡೆ. ಮುಂಬೈ ಪಾಲಿಕೆ ಎಂಟು ಭಾಷೆಯಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಆ ಕನ್ನಡ ಶಾಲೆಗಳ ಬೆಂಚುಗಳು ಖಾಲಿಯಾಗುತ್ತಿದ್ದದ್ದು ಯಾವ ಮುಖ್ಯಮಂತ್ರಿಯಿಂದಲೂ ಅಲ್ಲ. ನಾವೇ ಮಕ್ಕಳನ್ನು ಅಲ್ಲಿಗೆ ಕಳಿಸುವುದನ್ನು ನಿಲ್ಲಿಸಿದೆವು. ಬರುವ ನಾಯಕ ನಮ್ಮ ಭಾಷೆಗೆ ಏನು ಮಾಡುತ್ತಾನೋ ಅಂತ ರಾತ್ರಿಯಿಡೀ ಚರ್ಚಿಸಿದ ಐವರಲ್ಲಿ ಮೂವರ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಆ ಮೂವರಲ್ಲಿ ನಾನೂ ಇದ್ದೇನೆ.

ಒಮ್ಮೆ ಮೇಷ್ಟ್ರು ಗೋವಾದ ಉದಾಹರಣೆ ಕೊಟ್ಟರು. 2012ರಲ್ಲಿ ಮನೋಹರ್ ಪರ್ರಿಕರ್ ಬಿಜೆಪಿಗೆ 40ರಲ್ಲಿ 21 ಸ್ಥಾನ ಗೆದ್ದುಕೊಟ್ಟು ಮುಖ್ಯಮಂತ್ರಿ ಆದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಇಂಗ್ಲಿಷ್ ಮಾಧ್ಯಮದ ಪ್ರಾಥಮಿಕ ಶಾಲೆಗಳಿಗೆ ಅನುದಾನ ನಿಲ್ಲಿಸಿ ಅಂತ ಚಳವಳಿ ಮಾಡಿದವರು ಅವರ ಬೆನ್ನಿಗೇ ಇದ್ದರು. ಆದರೆ ಗೆದ್ದ ಶಾಸಕರಲ್ಲಿ ಕ್ಯಾಥೊಲಿಕರೂ ಇದ್ದರು. ಅನುದಾನ ನಿಲ್ಲಲಿಲ್ಲ. ಸಿಟ್ಟು ನಾಲ್ಕು ವರ್ಷ ಕುದಿಯಿತು. 2016ರಲ್ಲಿ ಗೋವಾ ಆರೆಸ್ಸೆಸ್ ಮುಖ್ಯಸ್ಥ ಸುಭಾಷ್ ವೆಲಿಂಗಕರ್ ಅವರನ್ನು ಆ ಹೊಣೆಯಿಂದ ತೆಗೆದರು, ಅವರು ಬೇರೆ ಪಕ್ಷವನ್ನೇ ಕಟ್ಟಿದರು. ಅಲ್ಲಿ ಕಲ್ಲುಗಳು ಪಕ್ಷದ ಒಳಗೇ ಇದ್ದವು.

ಒಲೆ ಆರಿದ ದಿನ

2022ರ ಜೂನ್ 20ರ ರಾತ್ರಿ ಏಕನಾಥ್ ಶಿಂಧೆ ಶಿವಸೇನೆಯ ಶಾಸಕರನ್ನು ಕರೆದುಕೊಂಡು ಸೂರತ್ತಿಗೆ ಹೋದರು, ಅಲ್ಲಿಂದ ಗುವಾಹಟಿಗೆ. ಉದ್ಧವ್ ಹಿಂದುತ್ವ ಬಿಟ್ಟರು, ಕಾಂಗ್ರೆಸ್–ಎನ್‌ಸಿಪಿ ಕೈಗೆ ಸಿಕ್ಕರು ಅನ್ನುವುದು ಅವರ ದೂರು. ಎರಡೂವರೆ ವರ್ಷ ನಡುವೆ ನಿಂತದ್ದಕ್ಕೆ ಉದ್ಧವ್ ಕೊಟ್ಟ ಬೆಲೆ ಅದು. ಜೂನ್ 29ರಂದು ಕೊನೆಯ ಸಂಪುಟ ಸಭೆ ಔರಂಗಾಬಾದಿಗೆ ಸಂಭಾಜಿನಗರ, ಉಸ್ಮಾನಾಬಾದಿಗೆ ಧಾರಾಶಿವ ಅಂತ ಹೆಸರಿಡಲು ಒಪ್ಪಿತು. ಸೇನೆ ದಶಕಗಳಿಂದ ಕೇಳುತ್ತಿದ್ದ ಹೆಸರುಗಳು, ಎರಡೂವರೆ ವರ್ಷ ಫೈಲಿನಲ್ಲಿ ಕೂತವು. ಸರ್ಕಾರ ಉಳಿಯುವುದಿಲ್ಲ ಅಂತ ಗೊತ್ತಾದ ದಿನ ಹೊರಬಂದವು. ಆ ರಾತ್ರಿಯೇ ಉದ್ಧವ್ ಫೇಸ್‌ಬುಕ್ ಲೈವ್‌ನಲ್ಲಿ ಬಂದು ರಾಜೀನಾಮೆ ಹೇಳಿದರು.

ಬ್ಯಾಂಕಿನವರು ಮರುದಿನ ಫೋನ್ ಮಾಡಿ, "ನೋಡಿದ್ಯಾ, ಹುಲಿ ಹುಲಿಯೇ" ಅಂದರು. ನನಗೆ ಹಾಗನ್ನಿಸಲಿಲ್ಲ. ಬಂಡಾಯದವರು ಯಾವ ದೂರು ಹೇಳಿದರೋ ಅದೇ ದೂರಿಗೆ ಉದ್ಧವ್ ಉತ್ತರ ಕೊಟ್ಟರು. ಜೊತೆಗಾರರಿಗೂ ತಡೆಯುವ ಕಾರಣ ಉಳಿದಿರಲಿಲ್ಲ, ಒಲೆಯೇ ಆರುತ್ತಿತ್ತಲ್ಲ. ಇನ್ನು ಗಡಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಆ ಡಿಸೆಂಬರಿನಲ್ಲಿ, ಬಿಜೆಪಿ ಜೊತೆ ಸೇರಿ ಬಂದ ಶಿಂಧೆ–ಫಡಣವೀಸ್ ಸರ್ಕಾರ ಗಡಿ ನಿರ್ಣಯವನ್ನು ಎರಡೂ ಸದನಗಳಲ್ಲಿ ಸರ್ವಾನುಮತದಿಂದ ಪಾಸು ಮಾಡಿಸಿತು. ವಿರೋಧ ಪಕ್ಷದಲ್ಲಿ ಕೂತ ಉದ್ಧವ್, ಇದು ಸಾಲದು, ಕೇಂದ್ರಾಡಳಿತ ಬೇಕು ಅಂದರು. ಮೆತ್ತಗಿನವರು, ಬಿರುಸಿನವರು ಅಂತ ನಾವು ಗುಂಪು ಮಾಡಿದ್ದ ಎಲ್ಲರೂ ಆ ದಿನ ಒಂದೇ ಕೈ ಎತ್ತಿದರು.

ಹಿಂದುತ್ವದ ಬಗ್ಗೆ ಹೇಗಿರುತ್ತಾರೋ ಬೆಳಗಾವಿ ಬಗ್ಗೆಯೂ ಹಾಗೇ ಇರುತ್ತಾರೆ ಅಂತ ನಾವು ನಾಲ್ವರೂ ಗಂಟು ಹಾಕಿದ್ದೆವು. ಮೇಷ್ಟ್ರೊಬ್ಬರೇ ಆ ಗಂಟು ಹಾಕಲಿಲ್ಲ. ಅವರ ಹಾಳೆಯಲ್ಲಿ ನಾಯಕನ ಹೆಸರೇ ಇಲ್ಲ. ಬರೀ ಕಲ್ಲಿನ ಮಾತು.

ಇನ್ನೊಂದು ಹೇಳಬೇಕು. ಆ ವರ್ಷ ಮಾರ್ಚಿನಲ್ಲಿ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳೂ ಮರಾಠಿ ಬೋರ್ಡು ಹಾಕಬೇಕು, ದೇವನಾಗರಿ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಿರಬಾರದು ಅಂತ ಕಾನೂನಿಗೆ ತಿದ್ದುಪಡಿ ಬಂದಿತ್ತು. ಇದಕ್ಕೂ ವಿಧಾನಮಂಡಲದಲ್ಲಿ ಯಾರದೂ ವಿರೋಧ ಇರಲಿಲ್ಲ. ಮಾವ ಮಳೆಗಾಲ ಶುರುವಾದ ಮೇಲೆ ಪೇಂಟರನ್ನು ಕರೆಸಿದ. ಹೊರಗೆ ಮಳೆ, ಹಾಗಾಗಿ ಬೋರ್ಡು ಇಳಿಸಿ ಒಳಗೆ ಎರಡು ಸ್ಟೂಲಿನ ಮೇಲೆ ಮಲಗಿಸಿದ್ದರು. 1969ರ ಆಮೇಲೆ ಅದು ಕೆಳಗಿಳಿದದ್ದು ಅದೇ ಮೊದಲು. ನಾನು ಹೋದದ್ದು ಜೂನ್ 29ರ ಸಂಜೆ. ಟಿವಿಯಲ್ಲಿ ಗುವಾಹಟಿಯ ಹೋಟೆಲು, ಸುಪ್ರೀಂ ಕೋರ್ಟು, ಠಾಕ್ರೆಯವರ ಮನೆ ಮಾತೋಶ್ರೀಯ ಗೇಟು ತಿರುಗಿ ತಿರುಗಿ ಬರುತ್ತಿದ್ದವು.

ಪೇಂಟರ್ ಟೇಪು ಹಿಡಿದು ಮೇಲಿನ ಮರಾಠಿ ಸಾಲು ಅಳೆದ. ಹಳೆಯದು ಐದು ಇಂಚು, ಇಂಗ್ಲಿಷ್ ಏಳು. ಮರಾಠಿಯನ್ನು ಎಂಟು ಮಾಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಇಂಗ್ಲಿಷಿಗೆ ಐದು ಉಳಿಯಿತು. ಆಮೇಲೆ ಕೆಳಗಿನ ಕನ್ನಡ ಸಾಲಿನ ಮೇಲೆ ಬೆರಳಿಟ್ಟು ಮಾವನನ್ನು ನೋಡಿದ. ಅಲ್ಲಿ ಉಳಿದ ಜಾಗ ಮೂರು ಇಂಚು.

"ಹೇ ಪಣ ಠೇವಾಯ್ಚ ಕಾ?" ಇದನ್ನೂ ಇಡೋದಾ ಅಂತ ಕೇಳಿದ.

ಮಾವ ಟಿವಿ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. "ಠೇವ್" ಅಂದ. ಪೇಂಟರ್ ಮೂರು ಇಂಚಿನ ಗೆರೆ ಎಳೆದು, ಸಣ್ಣ ಬ್ರಷ್ಷು ಹುಡುಕಿಕೊಂಡು ಡಬ್ಬಿಯ ಮುಚ್ಚಳ ತೆಗೆದ.